ಮೋಡ ಉಂಟು, ಮಳೆ ಇಲ್ಲ

ತೀರ್ಥಹಳ್ಳಿಯಿಂದ ಅಮ್ಮನ ಫೋನ್ ಬಂದರೆ ಊಟದ ಮಾತಿಗೂ ಮೊದಲು ಮಳೆಯ ಮಾತು. "ಅಲ್ಲಿ ಮಳೆ ಹ್ಯಾಗಿದೆಯೋ?" ನಾನು ಪೆರು ದೇಶದ ರಾಜಧಾನಿ ಲಿಮಾಕ್ಕೆ ಬಂದದ್ದು 2016ರ ಜೂನ್‌ನಲ್ಲಿ. ವಿಮಾನ ಇಳಿದು ತಲೆ ಎತ್ತಿದರೆ ಮೃಗಶಿರ ಮಳೆಗೆ ಮುಂಚೆ ನಮ್ಮೂರಲ್ಲಿ ಕವಿಯುತ್ತದಲ್ಲ, ಅಂಥದ್ದೇ ಆಕಾಶ. ಈಗ ಸುರಿಯುತ್ತೆ, ಆಗ ಸುರಿಯುತ್ತೆ ಅಂತ ಒಂದು ವಾರ ಛತ್ರಿ ಹಿಡಿದೇ ಓಡಾಡಿದೆ. ಹನಿ ಬೀಳಲಿಲ್ಲ. ಊರಿಂದ ತಂದ ಆ ಛತ್ರಿ ಇವತ್ತಿಗೂ ಬಾಗಿಲ ಹಿಂದೆ ನೇತಾಡುತ್ತಿದೆ. ಲಿಮಾದಲ್ಲಿ ಅದನ್ನು ಬಿಚ್ಚುವ ಪ್ರಸಂಗ ಬಂದಿಲ್ಲ.

ಇಲ್ಲಿಯವರು ಈ ಆಕಾಶವನ್ನು 'ಪಾನ್ಸಾ ದೆ ಬುರ್ರೊ' ಅನ್ನುತ್ತಾರೆ, ಅಂದರೆ ಕತ್ತೆಯ ಹೊಟ್ಟೆ. ಬಣ್ಣ ನೋಡಿದವರಿಗೆ ಹೆಸರು ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಸೂರ್ಯ ಕಾಣುವುದೇ ಅಪರೂಪ. ಕೆಲವು ಬೆಳಿಗ್ಗೆ 'ಗರೂವಾ' ಬೀಳುತ್ತದೆ. ನಮ್ಮ ಸೋನೆ ಮಳೆಗಿಂತ ಸಣ್ಣದು, ಇಬ್ಬನಿಗಿಂತ ಸ್ವಲ್ಪ ದೊಡ್ಡದು. ಕನ್ನಡಕದ ಮೇಲೆ ಕೂರುತ್ತದೆ, ನೆಲ ಪೂರ್ತಿ ನೆನೆಯುವುದಿಲ್ಲ. ಅಷ್ಟಕ್ಕೇ ನಮ್ಮ ವರ್ಕ್‌ಶಾಪಿನ ಹುಡುಗರು "ಮಳೆ ಬಂತು" ಅನ್ನುತ್ತಾರೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಪಕ್ಕದಲ್ಲಿ ಬೆಳೆದ ನನಗೆ, ಇಡೀ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಳೆಯೂ ಬೀಳದ ಊರನ್ನು ಒಪ್ಪಿಕೊಳ್ಳುವುದಕ್ಕೇ ಒಂದು ವರ್ಷ ಬೇಕಾಯಿತು.

ವಿಚಿತ್ರ ಏನೆಂದರೆ, ಮಳೆ ಇಲ್ಲದಿದ್ದರೂ ತೇವಕ್ಕೆ ಬರವಿಲ್ಲ. ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪು ನೀರೊಡೆಯುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಎಲ್ಲಾ ಥೇಟ್ ಮಲೆನಾಡಿನ ಆಷಾಢ. ಆದರೆ ಗುಡ್ಡಗಳು ಬೋಳು, ಮಣ್ಣು ಬೂದಿಯಂತೆ. ಮನೆಗಳಿಗೆ ಇಳಿಜಾರು ಮಾಡಿಲ್ಲ, ಸೂರಿಲ್ಲ, ಹೆಚ್ಚಿನ ಬೀದಿಗಳಲ್ಲಿ ಮಳೆನೀರು ಹರಿಯಲು ಚರಂಡಿಯೇ ಇಲ್ಲ. ಹಳೆ ಸೋಫಾ, ರಟ್ಟಿನ ಪೆಟ್ಟಿಗೆಗಳನ್ನು ವರ್ಷವಿಡೀ ತಾರಸಿ ಮೇಲೆ ಬಿಟ್ಟಿರುತ್ತಾರೆ.

ಸಮಭಾಜಕ ವೃತ್ತದಿಂದ ಉತ್ತರಕ್ಕೆ ನಮ್ಮೂರು ಎಷ್ಟು ದೂರವೋ, ದಕ್ಷಿಣಕ್ಕೆ ಲಿಮಾ ಹೆಚ್ಚುಕಡಿಮೆ ಅಷ್ಟೇ ದೂರ. ಎರಡೂ ಪಶ್ಚಿಮದ ಸಮುದ್ರಕ್ಕೆ ಹತ್ತಿರ, ಎರಡಕ್ಕೂ ಉದ್ದನೆಯ ಬೆಟ್ಟಸಾಲು. ಹಾಗಿದ್ದೂ ಇಷ್ಟು ವ್ಯತ್ಯಾಸ ಯಾಕೆ? ಉತ್ತರ ಸಮುದ್ರದಲ್ಲಿದೆ. ದಕ್ಷಿಣದಿಂದ ಹರಿದು ಬರುವ ಹಂಬೋಲ್ಟ್ ಪ್ರವಾಹ ತಣ್ಣನೆಯದು. ಅದರ ಜೊತೆಗೆ ಆಳದ ತಣ್ಣೀರೂ ಮೇಲೆದ್ದು ಬರುತ್ತದೆ. ಚಳಿಗಾಲದಲ್ಲಿ (ಇಲ್ಲಿ ಅದು ಜೂನ್‌ನಿಂದ) ಈ ಕಡಲಿಗೆ ಕಾಲಿಟ್ಟರೆ ಕಾಲು ಮರಗಟ್ಟುತ್ತದೆ. ಆ ನೀರು ತನ್ನ ಮೇಲಿನ ಗಾಳಿಯನ್ನು ತಣ್ಣಗಾಗಿಸುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಮೋಡ ಹುಟ್ಟುತ್ತದೆ, ಆದರೆ ಮೇಲೇರಿ ಮಳೆಯಾಗುವಷ್ಟು ಬೆಳೆಯುವುದಿಲ್ಲ. ಇನ್ನು ಪೂರ್ವದ ಅಮೆಜಾನ್ ಕಾಡಿನ ತೇವವನ್ನು ಆಂಡೀಸ್ ಪರ್ವತ ಆಚೆಗೇ ತಡೆದು ಇಳಿಸಿಕೊಳ್ಳುತ್ತದೆ. ಘಟ್ಟ ದಾಟಿದ ಮೇಲೆ ಚಳ್ಳಕೆರೆಯ ಕಡೆ ಮಳೆ ಬಡಕಲಾಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಈ ಮೋಡದ ಪದರ ಎಷ್ಟು ತೆಳುವೆಂದರೆ, ಚಳಿಗಾಲದ ಭಾನುವಾರಗಳಲ್ಲಿ ಲಿಮಾದವರು ಬಿಸಿಲು ಕಾಯಿಸಲು ಚೊಸೀಕಾಕ್ಕೆ ಹೋಗುತ್ತಾರೆ. ರಿಮಾಕ್ ನದಿಯ ಕಣಿವೆಯಲ್ಲಿ ಒಂದು ಗಂಟೆ ಮೇಲೇರಿದರೆ ಸಾಕು, ಬಸ್ಸು ಮೋಡದಿಂದ ಹೊರಬರುತ್ತದೆ, ಕಿಟಕಿಯಲ್ಲಿ ನೀಲಿ ಆಕಾಶ. ಮೊದಲ ಸಲ ಹೋದಾಗ ಗೋಡೆಗೊರಗಿ ಸುಮ್ಮನೆ ಕೂತು ಬೆನ್ನು ಕಾಯಿಸಿಕೊಂಡೆ. ಊಟಕ್ಕೂ ಏಳಲಿಲ್ಲ.

ನನ್ನ ಕೆಲಸ ಭಾರತದಿಂದ ಬರುವ ಬೈಕು, ಆಟೋಗಳ ಸರ್ವಿಸ್ ನೋಡಿಕೊಳ್ಳುವುದು. ಹಾಗಾಗಿ ಸುತ್ತಲಿನ ದೇಶಗಳ ರಾಜಧಾನಿಗಳಿಗೆ ಆಗಾಗ ಹೋಗುತ್ತೇನೆ. ಈಕ್ವೆಡಾರ್‌ನ ಕೀಟೊ ಸಮಭಾಜಕ ವೃತ್ತದ ಮಗ್ಗುಲಲ್ಲೇ ಇದೆ. ಸೆಖೆ ಇರುತ್ತದೆಂದು ತೆಳು ಅಂಗಿ ತುಂಬಿಕೊಂಡು ಹೋಗಿ ನಡುಗಿದ್ದೇನೆ. ಆ ಊರು ಇರುವುದು 2,850 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ 900 ಮೀಟರ್ ಮೇಲೆ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಮುಖ ಸುಡುವ ಬಿಸಿಲು, ಮೂರು ಗಂಟೆಗೆ ಗುಡುಗು, ಒಮ್ಮೊಮ್ಮೆ ಆಲಿಕಲ್ಲು, ರಾತ್ರಿ ಮತ್ತೆ ಕಂಬಳಿ. ಮಳೆಯೊಂದನ್ನು ಬಿಟ್ಟರೆ, ವರ್ಷದ ಯಾವ ತಿಂಗಳಲ್ಲಿ ಹೋದರೂ ಸುಮಾರಾಗಿ ಇದೇ ದಿನಚರಿ. ಕೊಲಂಬಿಯಾದ ಬೊಗೊಟಾವೂ 2,600 ಮೀಟರ್‌ನಲ್ಲಿದೆ, ಇನ್ನೂ ಮಬ್ಬು, ಇನ್ನೂ ಥಂಡಿ. ಎರಡೂ ಕಡೆ ಮಳೆಯ ತಿಂಗಳುಗಳಿಗೆ 'ಚಳಿಗಾಲ' ಅನ್ನುತ್ತಾರೆ, ಮಳೆ ನಿಂತರೆ 'ಬೇಸಿಗೆ'. ಚಳಿಯೇನೋ ಎರಡರಲ್ಲೂ ಅಷ್ಟೇ.

ಆದರೆ ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಬೊಲಿವಿಯಾದ ಲಾ ಪಾಸ್. (ಸಂವಿಧಾನದ ಪ್ರಕಾರ ರಾಜಧಾನಿ ಸೂಕ್ರೆ, ಸರ್ಕಾರ ನಡೆಯುವುದು ಇಲ್ಲಿಂದ.) ವಿಮಾನ ಇಳಿಯುವ ಎಲ್ ಆಲ್ಟೊ 4,000 ಮೀಟರ್‌ಗಿಂತ ಮೇಲಿದೆ. ಅಲ್ಲಿನ ಮೆಕ್ಯಾನಿಕ್ ಒಬ್ಬರು ಹೊಸ ಬೈಕಿನ ಪ್ಲಗ್ ಬಿಚ್ಚಿ ನನ್ನ ಅಂಗೈಮೇಲಿಟ್ಟರು. ಕರಿ ಮೆತ್ತಿಕೊಂಡು ಒಲೆಯ ಬಾಯಿಂದ ತೆಗೆದಂತಿತ್ತು. ಗಾಳಿ ತೆಳು, ಪೆಟ್ರೋಲ್ ಮಾತ್ರ ಸಮುದ್ರಮಟ್ಟದ ಲೆಕ್ಕದಲ್ಲಿ ಹೋಗುತ್ತಿದೆ. ಅದಕ್ಕೇ ಕಪ್ಪು ಹೊಗೆ, ಪಿಕಪ್ ಇಲ್ಲ. ಕಾರ್ಬುರೇಟರ್‌ಗೆ ಸಣ್ಣ ಜೆಟ್ (ಪೆಟ್ರೋಲ್ ಹಾಯುವ ತೂತು) ಹಾಕಿದ ಮೇಲೆ ಗಾಡಿ ಸುಧಾರಿಸಿತು. ನನಗೆ ಜೆಟ್ ಬದಲಿಸುವವರಿರಲಿಲ್ಲ. ಹತ್ತು ಮೆಟ್ಟಿಲಿಗೆ ಎದೆ ಬಡಿದುಕೊಳ್ಳುತ್ತಿತ್ತು. ಅವರ ಹೆಂಡತಿ ಕೋಕಾ ಎಲೆಯ ಕಷಾಯ ಕೊಟ್ಟು ಕೂರಿಸಿದರು. ನೀರು ಅಲ್ಲಿ 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ನಾನು ಒಯ್ದಿದ್ದ ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಎರಡು ಗಂಟೆ ಕುದಿದರೂ ಕಾಳಾಗಿಯೇ ಇತ್ತು. ಕೊನೆಗೆ ಅವರ ಕುಕ್ಕರ್ ಬೇಡಿ ತಂದೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಅವರು ನನ್ನನ್ನು ತಮ್ಮ ಹಳ್ಳಿಗೆ ಕರೆದೊಯ್ದರು. ಹುಲ್ಲಿನ ಮೇಲೆ ಸಣ್ಣ ಆಲೂಗಡ್ಡೆಗಳನ್ನು ಹರವಿದ್ದರು, ರಾತ್ರಿಯ ಹಿಮಕ್ಕೆ ಅವು ಕಲ್ಲಾಗಿದ್ದವು. ಬಿಸಿಲೇರಿ ಮೆತ್ತಗಾಗುತ್ತಿದ್ದಂತೆ ಗುಡ್ಡೆ ಮಾಡಿ ಬರಿಗಾಲಲ್ಲಿ ತುಳಿದು ನೀರು ಹಿಂಡಿದರು. ಹೀಗೆ ಕೆಲವು ದಿನ ರಾತ್ರಿ ಹಿಮ, ಹಗಲು ಬಿಸಿಲು ಕೊಟ್ಟು ಒಣಗಿಸಿದರೆ 'ಚೂನ್ಯೊ' ಆಗುತ್ತದೆ. ವರ್ಷಗಟ್ಟಲೆ ಕೆಡುವುದಿಲ್ಲ. ಏಪ್ರಿಲ್ ಬಿಸಿಲು ನೋಡಿಕೊಂಡು ಅಂಗಳದಲ್ಲಿ ಹಪ್ಪಳ ಹರವುವ ನಮ್ಮ ಅಮ್ಮಂದಿರ ಕೈಗಳೇ ಕಣ್ಣಮುಂದೆ ಬಂದವು.

ಉಳಿದ ಊರುಗಳಲ್ಲಿ ನಾನು ಹೆಚ್ಚು ದಿನ ನಿಂತವನಲ್ಲ. ಚಿಲಿಯ ಸಾಂಟಿಯಾಗೊದಲ್ಲಿ ಚಳಿಗಾಲಕ್ಕೆ ಮಳೆ, ಬೇಸಿಗೆ ಒಣ. ಪರಾಗ್ವೆಯ ಅಸುನ್ಸಿಯೊನ್ ಜನವರಿಯಲ್ಲಿ ನಮ್ಮ ರಾಯಚೂರಿನ ಮೇ ತಿಂಗಳಿಗೆ ಸಮ. ಎಲ್ಲರ ಕೈಯಲ್ಲೂ ಐಸ್ ಹಾಕಿದ 'ತೆರೆರೆ' ಎಂಬ ಎಲೆಯ ಪಾನೀಯ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ನವೆಂಬರ್‌ಗೆ ಜಕರಂದಾ ಹೂ ರಸ್ತೆ ತುಂಬಾ ಬಿದ್ದಿತ್ತು. ಬೆಂಗಳೂರಿನಲ್ಲಿ ವಸಂತ ಬಂದಾಗ ಅರಳುವ ಅದೇ ನೇರಳೆ, ಅದರ ತವರು ಈ ಖಂಡವೇ.

ಲಿಮಾದ ಸಮುದ್ರ ಕೆಲವು ವರ್ಷ ಬಿಸಿಯಾಗುತ್ತದೆ. ಕ್ರಿಸ್‌ಮಸ್ ಹೊತ್ತಿಗೆ ಬರುವ ಆ ಬಿಸಿನೀರಿಗೆ ಇಲ್ಲಿನ ಮೀನುಗಾರರೇ ಬಾಲ ಯೇಸುವಿನ ಹೆಸರಿಟ್ಟು 'ಎಲ್ ನಿನ್ಯೊ' ಅಂದರು. 2017ರ ಮಾರ್ಚ್‌ನಲ್ಲಿ ಕರಾವಳಿಗಷ್ಟೇ ಸೀಮಿತವಾಗಿ ಅದು ಬಂದಾಗ ಬೆಟ್ಟದ ಮಳೆಗೆ ಕೆಸರು ಕುಸಿದು ರಿಮಾಕ್ ನದಿ ಕೆಂಪಾಯಿತು, ನಲ್ಲಿಗಳು ದಿನಗಟ್ಟಲೆ ಒಣಗಿದವು. 2023ರದು ಇಡೀ ಪೆಸಿಫಿಕ್ ಸಾಗರದ ಎಲ್ ನಿನ್ಯೊ. ಅಂಥ ವರ್ಷಗಳಲ್ಲಿ ಸಾಗರದ ಮೇಲಿನ ಗಾಳಿಯ ಚಕ್ರವೇ ಸರಿದು, ಹಲವು ಸಲ ನಮ್ಮ ಮುಂಗಾರು ಸೊರಗುತ್ತದೆ. ಆ ಆಗಸ್ಟ್‌ನಲ್ಲಿ ಲಿಮಾದಲ್ಲಿ ನಾನು ಸ್ವೆಟರ್ ಹಾಕಲಿಲ್ಲ. ಕತ್ತೆಯ ಹೊಟ್ಟೆ ಹರಿದು ಬಿಸಿಲು ಬರುತ್ತಿತ್ತು, ಎಲ್ಲರೂ ಖುಷಿಯಾಗಿದ್ದರು. ಅದೇ ವಾರ ಅಮ್ಮ ಫೋನಿನಲ್ಲಿ "ನಾಟಿ ಮಾಡಿದ ಗದ್ದೆ ಬಿರುಕು ಬಿಡ್ತಾ ಇದೆ ಮಾರಾಯ, ಆಶ್ಲೇಷ ಮಳೆಯೂ ಕೈಕೊಟ್ಟಿತು" ಅಂದರು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು.

ಅವತ್ತು ಅಮ್ಮನಿಗೆ ಈ ಸಮುದ್ರದ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಈಗ ಮೇ ತಿಂಗಳು ಬಂತೆಂದರೆ ಅವರ ಪ್ರಶ್ನೆ ಬೇರೆ: "ನಿಮ್ಮ ಸಮುದ್ರ ತಣ್ಣಗಿದೆಯೇನೋ?" ಶನಿವಾರ ಬೆಳಿಗ್ಗೆ ಕಡಲಿಗೆ ಹೋಗಿ ಕಾಲಿಟ್ಟು ನೋಡಿ, ಅವರಿಗೆ ಫೋನ್ ಮಾಡುತ್ತೇನೆ.