ಬೆಲೆಯಿಲ್ಲದೆ ಲೆಕ್ಕ ಹಾಕಬಹುದೆ?

ಕಮ್ಯುನಿಸಂನಿಂದ ಇಂದಿಗೆ ಉಳಿದದ್ದೇನು ಎಂದರೆ ಮಾತು ವರ್ಗ ಸಂಘರ್ಷಕ್ಕೋ ಸ್ಟಾಲಿನ್ ಕಾಲದ ಶಿಬಿರಗಳಿಗೋ ಹೊರಳುತ್ತದೆ. ಎರಡೂ ಸಣ್ಣ ವಿಷಯವಲ್ಲ. ಆದರೆ ತತ್ತ್ವಶಾಸ್ತ್ರದ ಮಟ್ಟಿಗೆ ಇನ್ನೂ ಬಗೆಹರಿಯದ ಪ್ರಶ್ನೆ ಬೇರೆ: ಮಾರುಕಟ್ಟೆಯ ಬೆಲೆಯಿಲ್ಲದೆ ಒಂದು ಸಮಾಜ ತನಗೆ ಏನು ಬೇಕು, ಅದಕ್ಕೆ ಏನು ತಗಲುತ್ತದೆ ಎಂದು ಲೆಕ್ಕ ಹಾಕಬಲ್ಲುದೆ?

ಮಾರ್ಕ್ಸ್ ಈ ಬಗ್ಗೆ ಬರೆದದ್ದು ಕಡಿಮೆ. ಜರ್ಮನ್ ಕಾರ್ಮಿಕ ಪಕ್ಷದ ಕರಡು ಕಾರ್ಯಕ್ರಮದ ಮೇಲೆ 1875ರಲ್ಲಿ ಬರೆದ ಗೋಥಾ ಕಾರ್ಯಕ್ರಮದ ವಿಮರ್ಶೆಯಲ್ಲಿ, ಸಾಮಾಜಿಕ ನಿಧಿಯ ಪಾಲು ಕಳೆದು ದುಡಿದಷ್ಟಕ್ಕೆ ಚೀಟಿ, ಚೀಟಿಗೆ ಸರಕು ಎನ್ನುವ ಮೊದಲ ಹಂತದ ಚಿತ್ರ ಬರುತ್ತದೆ, ಅಷ್ಟೆ. 1920ರಲ್ಲಿ ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸೆಸ್ ಇಲ್ಲಿಗೇ ಕೈಯಿಟ್ಟ. ಯಂತ್ರ, ಅದಿರು, ಕಾರ್ಖಾನೆಗಳು ಕೊಡುಕೊಳ್ಳುವಿಕೆಗೆ ಬರದಿದ್ದರೆ ಅವಕ್ಕೆ ಬೆಲೆ ಹುಟ್ಟದು. ಆಗ ಹೊಸ ರೈಲು ಮಾರ್ಗ ಹಾಕುವುದು ಮೇಲೋ ಬೇಡವೋ ಎಂದು ತೂಗಿ ನೋಡಲು ಯಾವ ಅಳತೆಗೋಲೂ ಇರದು ಎಂಬುದು ಅವನ ವಾದ.

1921ರಲ್ಲಿ ಸ್ಥಾಪನೆಯಾದ ಸೋವಿಯತ್ ಯೋಜನಾ ಸಂಸ್ಥೆ ಗಾಸ್‌ಪ್ಲಾನ್ ಮುಂದೆ ಹಿಡಿದ ದಾರಿ ವಸ್ತು ಸಮತೋಲನದ ಪಟ್ಟಿ. ಪ್ರತಿ ಮುಖ್ಯ ಸರಕಿಗೂ ಒಂದು ಪಟ್ಟಿ. ಒಂದು ಕಡೆ ಹಳೆಯ ದಾಸ್ತಾನು, ಉತ್ಪಾದನೆ, ಆಮದು. ಇನ್ನೊಂದು ಕಡೆ ಉದ್ಯಮದ ಬಳಕೆ, ನಿರ್ಮಾಣ, ರಫ್ತು, ವರ್ಷಾಂತ್ಯದ ದಾಸ್ತಾನು. ಎರಡೂ ತಾಳೆಯಾಗಬೇಕು.

ಕೇಳಲು ಸುಲಭ, ಮಾಡಿ ನೋಡಿ. ಒಂದು ಟನ್ ಉಕ್ಕಿಗೆ ಅರ್ಧ ಟನ್ ಕಲ್ಲಿದ್ದಲು, ಒಂದು ಟನ್ ಕಲ್ಲಿದ್ದಲಿಗೆ 0.1 ಟನ್ ಉಕ್ಕು ಬೇಕು ಅಂದುಕೊಳ್ಳೋಣ. ಕೊನೆಯ ಬಳಕೆಗೆ 100 ಟನ್ ಉಕ್ಕು, 50 ಟನ್ ಕಲ್ಲಿದ್ದಲು ಸಿಗಬೇಕು. 100 ಟನ್ ಉಕ್ಕಿಗೇ 50 ಟನ್ ಕಲ್ಲಿದ್ದಲು ಬೇಕಾದ್ದರಿಂದ ಕಲ್ಲಿದ್ದಲು 100 ಆಯಿತು. ಆ ಕಲ್ಲಿದ್ದಲಿಗೆ 10 ಟನ್ ಉಕ್ಕು, ಉಕ್ಕು 110. ಮತ್ತೆ ಕಲ್ಲಿದ್ದಲು 105, ಉಕ್ಕು 110.5. ಹೀಗೇ ಸುತ್ತಿದರೆ ಉಕ್ಕು 110.53ರ ಹತ್ತಿರ, ಕಲ್ಲಿದ್ದಲು 105.26ರ ಹತ್ತಿರ ನಿಲ್ಲುತ್ತದೆ. ಎರಡು ಸರಕಿಗೆ ನಾಲ್ಕೈದು ಸುತ್ತು ಸಾಕು. ಸಾವಿರಾರು ಸರಕಿದ್ದಾಗ ಕೈಲೆಕ್ಕದಲ್ಲಿ ಅಷ್ಟು ಸುತ್ತು ಹಾಕಲು ಪುರುಸೊತ್ತಿಲ್ಲ. ಆಗ ಅಧಿಕಾರಿಗಳು ಮಾಡುತ್ತಿದ್ದದ್ದು, ಉಕ್ಕು ಸಾಲದಿದ್ದರೆ ಬಳಸುವವರ ಪಾಲನ್ನೇ ಬಿಗಿ ಮಾಡುವುದು. ಕಾಗದದಲ್ಲಿ ಪಟ್ಟಿ ತಾಳೆ, ಕಾರ್ಖಾನೆಯಲ್ಲಿ ಕೊರತೆ. ಇದು ಗೊತ್ತಿದ್ದ ವ್ಯವಸ್ಥಾಪಕ ಮುಂದಿನ ಸಲ ಬೇಕಾದ್ದಕ್ಕಿಂತ ಹೆಚ್ಚು ಕೇಳುತ್ತಾನೆ, ತನ್ನ ಸಾಮರ್ಥ್ಯವನ್ನು ಕಡಿಮೆ ಮಾಡಿ ಹೇಳುತ್ತಾನೆ. ಈ ವರ್ಷ ಗುರಿ ಮೀರಿದರೆ ಬರುವ ವರ್ಷದ ಗುರಿ ಅಲ್ಲಿಂದಲೇ ಶುರುವಾಗುತ್ತದಲ್ಲ! ಗುರಿಯನ್ನು ಟನ್ನಿನಲ್ಲಿ ಕೊಟ್ಟರೆ ಸರಕು ಭಾರವಾಗುತ್ತದೆ. ತೂಕದ ಗುರಿಗಾಗಿ ತಯಾರಾದ ಭಾರದ ತೂಗುದೀಪಗಳನ್ನು ಸೋವಿಯತ್ ನಾಯಕ ಕ್ರುಶ್ಚೇವ್‌ನೇ ಹಂಗಿಸಿದ್ದ.

ಇದಕ್ಕೆ ತಾತ್ವಿಕವಾಗಿ ಅತ್ಯಂತ ಕುತೂಹಲದ ಉತ್ತರ ಬಂದದ್ದು ಸೋವಿಯತ್ ಒಳಗಿನಿಂದಲೇ. 1939ರಲ್ಲಿ ಲೆನಿನ್‌ಗ್ರಾಡ್‌ನ ಗಣಿತಜ್ಞ ಲಿಯೊನಿದ್ ಕಾಂಟೊರೊವಿಚ್, ಪ್ಲೈವುಡ್ ಉದ್ಯಮ ತಂದ ಪ್ರಶ್ನೆಯೊಂದರ ಬೆನ್ನುಹತ್ತಿದ: ಯಾವ ಯಂತ್ರಕ್ಕೆ ಯಾವ ಕಚ್ಚಾವಸ್ತು ಕೊಟ್ಟರೆ ಹೆಚ್ಚು ಉತ್ಪಾದನೆ? ಅವನ ವಿಧಾನದಲ್ಲಿ ಪ್ರತಿ ಮಿತಿಗೂ ಒಂದು ಗುಣಕ. ಬಿಡುವಿಲ್ಲದ ಯಂತ್ರಕ್ಕೆ ಇನ್ನೊಂದು ಗಂಟೆ ಸಿಕ್ಕರೆ ಒಟ್ಟು ಉತ್ಪಾದನೆ ಎಷ್ಟು ಏರುತ್ತದೋ ಅದೇ ಅದರ ಗುಣಕ. ಕೆಲಸವಿಲ್ಲದೆ ಉಳಿಯುವ ಯಂತ್ರದ್ದು ಸೊನ್ನೆ. ಅಂದರೆ ಮಾರುಕಟ್ಟೆಯಿಲ್ಲದೆಯೂ ಯೋಜನೆಯ ಒಡಲಿನಿಂದಲೇ ಬೆಲೆಯಂಥದ್ದೊಂದು ಹೊರಬರುತ್ತದೆ. ಮೀಸೆಸ್‌ಗೆ ಇದು ಮುಜುಗರ. ಶ್ರಮವೊಂದೇ ಮೌಲ್ಯದ ಮೂಲ ಎಂದು ಪಠಿಸುತ್ತಿದ್ದ ಮಾರ್ಕ್ಸ್‌ವಾದಿಗಳಿಗೆ ಇನ್ನೂ ಹೆಚ್ಚಿನ ಮುಜುಗರ. ಯುದ್ಧಕಾಲದಲ್ಲಿ ಬರೆದ ಕಾಂಟೊರೊವಿಚ್‌ನ ಪುಸ್ತಕ ಅಚ್ಚಾದದ್ದು 1959ರಲ್ಲಿ. 1975ರಲ್ಲಿ ಟ್ಯಾಲಿಂಗ್ ಕೂಪ್‌ಮನ್ಸ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಈಗಿನ ಕಂಪ್ಯೂಟರುಗಳಿಗೆ ಇಂಥ ಸಮೀಕರಣ ಲಕ್ಷಗಟ್ಟಲೆ ಇದ್ದರೂ ಭಾರವಲ್ಲ, ಹಾಗಾಗಿ ಯೋಜನೆ ಈಗ ಸಾಧ್ಯ ಎನ್ನುವವರಿದ್ದಾರೆ. ನನಗೆ ಇದು ಅರ್ಧ ಉತ್ತರ. 1945ರಲ್ಲಿ ಅರ್ಥಶಾಸ್ತ್ರಜ್ಞ ಹಯೆಕ್ ಎತ್ತಿದ ತಕರಾರು ಲೆಕ್ಕದ ವೇಗದ್ದಲ್ಲ, ಲೆಕ್ಕಕ್ಕೆ ಬರುವ ಅಂಕಿಯದು: ಆಯಾ ಜಾಗದವರಿಗಷ್ಟೇ ಗೊತ್ತಿರುವ, ಕೇಳುವವರೆಗೂ ಅಂಕಿಯಾಗದ ತಿಳಿವಳಿಕೆ ಅದು. ಕೇಳಿದಾಗ ಸುಳ್ಳು ಹೇಳಲು ಕಾರಣವಿದ್ದರೆ ವೇಗದ ಯಂತ್ರ ತಪ್ಪು ಉತ್ತರವನ್ನು ಬೇಗ ಕೊಡುತ್ತದೆ. ಸಮಾಜವಾದಿ ಅಧ್ಯಕ್ಷ ಅಯೆಂದೆಯ ಕಾಲದ ಚಿಲಿಯಲ್ಲಿ ಕಾರ್ಖಾನೆಗಳನ್ನು ಕಂಪ್ಯೂಟರಿನಿಂದ ನಿಭಾಯಿಸಲು ಹೊರಟ ಸೈಬರ್‌ಸಿನ್ ಯೋಜನೆಯ ಏಳು ಕುರ್ಚಿಗಳ ಕೋಣೆಯ ಚಿತ್ರ ಎಲ್ಲೆಡೆ ಓಡಾಡುತ್ತದೆ. 1972ರ ಅಕ್ಟೋಬರ್‌ನ ಲಾರಿ ಮುಷ್ಕರದಲ್ಲಿ ಸರ್ಕಾರದ ಕೈಹಿಡಿದದ್ದು ಮಾತ್ರ ದೂರಕ್ಕೆ ಬರಹದ ಸಂದೇಶ ಕಳಿಸುವ ಟೆಲೆಕ್ಸ್ ಜಾಲ.

ಇನ್ನು ಉಕ್ಕು-ಕಲ್ಲಿದ್ದಲಿನ ಲೆಕ್ಕದಲ್ಲಿ ಕೊನೆಯ ಬಳಕೆಗೆಂದು ಇಟ್ಟ 100 ಮತ್ತು 50. ಅವು ಎಲ್ಲಿಂದ ಬಂದವು? ಸಮೀಕರಣ ಹೇಳುವುದಿಲ್ಲ. ಮಾಸ್ಕೋದಲ್ಲಿ ಪಕ್ಷದ ಮೇಲಿನವರು ಹೇಳುತ್ತಿದ್ದರು. ಮಾರುಕಟ್ಟೆಯಲ್ಲಿ ಕಾಸಿದ್ದವರು ಹೇಳುತ್ತಾರೆ. ಮುಂದಿನ ಪೀಳಿಗೆಗಳ ಹಿತವನ್ನು ಹಣದಲ್ಲಿ ಅಳೆಯಲಾಗದು, ವಸ್ತುಗಳ ಲೆಕ್ಕವನ್ನೇ ಮುಂದಿಟ್ಟುಕೊಂಡು ಸಮಾಜ ತೀರ್ಮಾನಿಸಬೇಕು ಎಂದು ವಾದಿಸಿದವನು ಆಸ್ಟ್ರಿಯಾದ ತತ್ತ್ವಜ್ಞ ಆಟೊ ನಾಯ್‌ರಾತ್. ಆಗ ನಕ್ಕವರೇ ಹೆಚ್ಚು. ಬ್ರಿಟನ್ ತನ್ನ 2008ರ ಹವಾಮಾನ ಕಾಯ್ದೆಯಡಿ ಐದೈದು ವರ್ಷದ ಇಂಗಾಲ ಬಜೆಟ್, ಅಂದರೆ ಉಗುಳಬಹುದಾದ ಇಂಗಾಲದ ಮಿತಿ, ಹಾಕುವುದು ಹಣದಲ್ಲಲ್ಲ, ಟನ್ನಿನಲ್ಲೇ: 2008ರಿಂದ 2012ಕ್ಕೆ 301.8 ಕೋಟಿ ಟನ್. ಹಳೆಯ ರೋಗವೂ ಜೊತೆಗೇ ಬಂದಿದೆ. ಆಮದು ಸರಕು ತಯಾರಾಗುವಾಗ ಹೊರದೇಶದಲ್ಲಿ ಉಗುಳಿದ ಇಂಗಾಲ ಈ ಬಜೆಟ್ಟಿಗೆ ಸೇರುವುದಿಲ್ಲ. ದೇಶದೊಳಗಿನ ಕುಲುಮೆ ಆರಿಸಿ ಅದೇ ಉಕ್ಕನ್ನು ಹೊರಗಿನಿಂದ ತರಿಸಿದರೂ ಗುರಿ ಮುಟ್ಟಿದ ಲೆಕ್ಕವೇ.