ಸೂರ್ಯ ಚುರುಕಾದಾಗ

ಸೂರ್ಯನ ಮೇಲೆ ಕಲೆಗಳು ಜಾಸ್ತಿಯಾದ ವರ್ಷಗಳಲ್ಲಿ ಭೂಮಿಗೆ ಬರುವ ಕಾಸ್ಮಿಕ್ ಕಿರಣಗಳು, ಅಂದರೆ ದೂರದ ಬಾಹ್ಯಾಕಾಶದಿಂದ ಭಾರೀ ವೇಗದಲ್ಲಿ ಬರುವ ಕಣಗಳು, ಕಡಿಮೆಯಾಗುತ್ತವೆ. ಸೌರಮಾರುತ, ಅಂದರೆ ಸೂರ್ಯನಿಂದ ಸದಾ ಹೊರಹರಿಯುವ ಕಣಗಳ ಪ್ರವಾಹ, ಹೊತ್ತು ತರುವ ಕಾಂತಕ್ಷೇತ್ರ ಅವನ್ನು ದಾರಿಯಲ್ಲೇ ಚದುರಿಸಿಬಿಡುತ್ತದೆ. ಸುಮಾರು 11 ವರ್ಷಕ್ಕೊಂದು ಸುತ್ತು ಈ ಏರಿಳಿತ. ಎಂಥ ಕಾವಲು ಅಲ್ವಾ! 2024ರ ಮೇ ತಿಂಗಳ ಸೌರಬಿರುಗಾಳಿಯಲ್ಲಂತೂ ಕಿರಣಗಳು ಥಟ್ಟನೆ ಇಳಿದವು. ಅದೇ ಬಿರುಗಾಳಿಗೆ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತು.

ಇವತ್ತು ಸಂಜೆ ಕಾರವಾರದ ಬೀಚಿನಲ್ಲಿ ಸುಮ್ನೆ ಅಂಗೈ ಚಾಚಿ ಕೂತಿದ್ದೆ. ಮರಳು ಅಂಟಿದ ಆ ಕೈಯೊಳಗಿಂದ ಸೆಕೆಂಡಿಗೆ ಒಂದರಂತೆ ಮ್ಯೂಆನ್ ಕಣಗಳು (ಎಲೆಕ್ಟ್ರಾನಿನಂಥವೇ, ಆದರೆ ಅದಕ್ಕಿಂತ ಭಾರ) ತೂರಿ ಹೋಗುತ್ತಲೇ ಇದ್ದವು. ಅವೆಲ್ಲ ಕಾಸ್ಮಿಕ್ ಕಿರಣ ಗಾಳಿಗೆ ಬಡಿದು ಹುಟ್ಟಿದವು.

"ಅಪ್ಪಾ, ಸೂರ್ಯ ಮುಳುಗಿದ ಮೇಲೆ ಜಾಸ್ತಿ ಬರ್ತಾವಾ?" ಅಂದಳು ಮಗಳು. ಒಳ್ಳೆ ಪ್ರಶ್ನೆ. ಇಲ್ಲ ಪುಟ್ಟಿ, ಅವು ಎಲ್ಲ ದಿಕ್ಕಿನಿಂದಲೂ ಬರುತ್ತವೆ, ಹಗಲೂ ರಾತ್ರಿಯೂ ಹೆಚ್ಚುಕಡಿಮೆ ಒಂದೇ ಲೆಕ್ಕ.