ಗಂಜಿ, ಚಾ, ಕಬ್ಬಿಣದ ಮಾತ್ರೆ

ಆಟಿ ತಿಂಗಳು, ಅಂದ್ರೆ ಜುಲೈ-ಆಗಸ್ಟ್‌ನ ಜೋರು ಮಳೆ, ಬಂತಂದ್ರೆ ನಂಗೆ ನಮ್ಮ ಉಡುಪಿ ಕಡೆ ಕೊರಗ ಬುಡಕಟ್ಟಿನ ಕಾಲೊನಿಯ ಹೆಂಗಸರ ಊಟದ್ದೇ ಯೋಚನೆ. ಈ ಮಳೆಗೆ ಬುಟ್ಟಿ ಹೆಣಿಲಿಕ್ಕೆ ಬಳ್ಳಿ ತರುವ ಅಂತ ಕಾಡಿಗೆ ಹೋಗ್ಲಿಕ್ಕೆ ಆಗುದಿಲ್ಲ, ಕೂಲಿಯೂ ಕಮ್ಮಿ, ಮನೇಲಿ ಕುಚ್ಚಲಕ್ಕಿ ಗಂಜಿ, ಒಣಮೀನು ಚಟ್ನಿ, ಅದನ್ನೂ ಗಂಡ ಮಕ್ಕಳಿಗೆ ಬಡಿಸಿ ಉಳಿದದ್ದು ತಾಯಿಗೆ.

ಗರ್ಭಿಣಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಮ್ಮಿ ಆದ್ರೆ ರಕ್ತಹೀನತೆ. ಕಬ್ಬಿಣದ ಮಾತ್ರೆ ಫ್ರೀ ಸಿಗ್ತದೆ, ಆದ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲಿಲ್ಲದ ಕಣ್ಣ ಚಾದ ಜೊತೆ ನುಂಗಿದ್ರೆ ಹೊಟ್ಟೆ ತೊಳಸ್ತದೆ, ಚಾ ಇದ್ದಲ್ಲಿ ಕಬ್ಬಿಣ ಮೈಗೆ ಸರಿ ಹಿಡಿಯುದೂ ಇಲ್ಲ, ಎರಡು ದಿನ ವಾಂತಿ ಬಂದ ಮೇಲೆ ಸ್ಟ್ರಿಪ್ ಹಾಗೇ ಮನೆ ಮಾಡಿನ ಸಂದಿಯಲ್ಲಿ. ಅವರದ್ದೇ ತಪ್ಪು ಅನ್ನುವವರನ್ನು ಕಂಡ್ರೆ ನಂಗೆ ಸಿಟ್ಟು ಬರ್ತದೆ.

2017ರಿಂದ ಮಾತೃಪೂರ್ಣ ಉಂಟು, ಅಂದ್ರೆ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ, ಸರಕಾರದ ಬೇಳೆ ಮೊಟ್ಟೆ ಎಣ್ಣೆ ಬೆಲ್ಲದ ಕಿಟ್ಟೂ ಉಂಟು, ಒಳ್ಳೇದೇ. ಆದ್ರೆ ಕೂಲಿಗೆ ಹೋದವಳು ಮಧ್ಯಾಹ್ನ ಅಂಗನವಾಡಿಗೆ ಬಂದು ಉಣ್ಣುದು ಹೇಗೆ ಹೇಳಿ? ಅರ್ಧ ದಿನದ ಸಂಬಳ ಹೋಯ್ತಲ್ಲ.

ಅನ್ನಕ್ಕೆ ಕೂದಲು ಉಗುರು ಬೆರೆಸಿ ಇದೇ ಜನಕ್ಕೆ ತಿನ್ನಿಸ್ತಿದ್ದ ಅಜಲು ಪದ್ಧತಿಯನ್ನು ಕಾನೂನು ತಂದು ನಿಷೇಧಿಸಿದ್ದು 2000ದಲ್ಲಿ, ಅಂದ್ರೆ ಮೊನ್ನೆ ಮೊನ್ನೆ. ಅದು ನೆನಪಾದ್ರೆ ಗಂಟಲಲ್ಲಿ ತುತ್ತು ಇಳಿಯುದಿಲ್ಲ.

ಆಶಾ ಅಕ್ಕಂದಿರು ಯಾರಾದ್ರೂ ಓದ್ತಿದ್ರೆ, ಮಾತ್ರೆ ಕೊಡುವಾಗ ರಾತ್ರಿ ಊಟ ಆದ್ಮೇಲೆ ನೀರಲ್ಲೋ ಲಿಂಬೆ ಶರಬತ್ತಲ್ಲೋ ತಗೊಳ್ಳಿ, ಚಾ ಒಂದೆರಡು ಗಂಟೆ ದೂರ ಇಡಿ ಅಂತ ಕೂತು ಹೇಳಿ ಆಯ್ತಾ.